ಮೂರೂವರೆಯೊಳಗೆ

ಜುಲೈ ತಿಂಗಳ ಭಾನುವಾರ. ಗುಂಡ್ಲುಪೇಟೆಯ ಕಲ್ಯಾಣ ಮಂಟಪದಲ್ಲಿ ರಕ್ತದಾನ ಶಿಬಿರ. ಹೊರಗೆ ಊಟಿ ಕಡೆಗೆ ಸಾಲುಗಟ್ಟಿದ ಕಾರುಗಳು, ಸೂರ್ಯಕಾಂತಿ ಹೊಲಕ್ಕೆ ಇಳಿದು ಸೆಲ್ಫಿ ತೆಗೆದುಕೊಳ್ಳುವವರು. ಒಳಗೆ ನೀವು ಸರದಿಯಲ್ಲಿ ಕೂತಿದ್ದೀರಿ. ಮುಂದಿನವರನ್ನು ನರ್ಸ್ ಕೇಳುತ್ತಿದ್ದಾರೆ: "ಅಣ್ಣ, ಮೂರು ದಿನದಿಂದ ಈಚೆಗೆ ಮಾತ್ರೆ ಏನಾದ್ರೂ ತಗೊಂಡ್ರಾ?"

"ಮೊನ್ನ ತಲ್ನೋವ್ಗ ಒಂದ್ ಆಸ್ಪಿರಿನ್ ನುಂಗ್ದಿ ಕಣಕ್ಕ."

ಅವರ ರಕ್ತವನ್ನು ಬೇಡ ಅನ್ನುವುದಿಲ್ಲ. ಅದರಿಂದ ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್‌ಲೆಟ್ ಮಾತ್ರ ತೆಗೆಯುವುದಿಲ್ಲ ಎಂದು ಫಾರಂ ಮೇಲೆ ಗುರುತು ಬೀಳುತ್ತದೆ. ಆಸ್ಪಿರಿನ್ ತಗುಲಿದ ಪ್ಲೇಟ್‌ಲೆಟ್‌ಗೆ ಒಂದಕ್ಕೊಂದು ಅಂಟಿಕೊಳ್ಳುವ ಶಕ್ತಿ ಕುಂದುತ್ತದೆ. ಬದುಕಿರುವಷ್ಟು ದಿನ ಅದು ಮರಳುವುದಿಲ್ಲ.

ಈಗ ನಿಮ್ಮ ಸರದಿ. ಸೂಜಿಗೆ ಒಂದೇ ಸಲಕ್ಕೆ ರಕ್ತನಾಳ ಸಿಕ್ಕಿತು, ಒಳ್ಳೆಯದಾಯಿತು. 350 ಮಿ.ಲೀ. ಚೀಲ, ಅದರೊಳಗೆ ಹೆಪ್ಪುಗಟ್ಟದಂತೆ ತಡೆಯುವ 49 ಮಿ.ಲೀ. ದ್ರಾವಣ. ನರ್ಸ್ ಕಣ್ಣು ಗಡಿಯಾರದ ಮೇಲಿದೆ. ಹರಿವು ನಿಧಾನವಾಗಿ ಹತ್ತು ನಿಮಿಷ ದಾಟಿದರೆ ಕೊಳವೆಯಲ್ಲೇ ಹೆಪ್ಪಿನ ಕೆಲಸ ಶುರುವಾಗಿ, ಪ್ಲೇಟ್‌ಲೆಟ್‌ಗಳು ಅಲ್ಲೇ ಖರ್ಚಾಗುತ್ತವೆ.

ಚೀಲ ಹೋಗುವುದು ಐಸ್ ಇಲ್ಲದ ಡಬ್ಬಿಗೆ. ರಕ್ತ ಅಂದರೆ ತಣ್ಣಗಿಡಬೇಕು ಎಂಬುದು ಎಲ್ಲರ ಕೈಗೆ ಬಂದ ಅಭ್ಯಾಸ, ಸ್ವಯಂಸೇವಕ ಹುಡುಗ ಐಸ್ ಪ್ಯಾಕ್ ಹಿಡಿದು ಬಂದೇಬಿಟ್ಟ. ನರ್ಸ್ ಗದರಿಸಿ ಕಳಿಸಿದರು. ಚಳಿ ತಗುಲಿದ ಪ್ಲೇಟ್‌ಲೆಟ್ ಚಪ್ಪಟೆ ಆಕಾರ ಬಿಟ್ಟು ಮುಳ್ಳುಮುಳ್ಳಾಗಿ ಉಂಡೆಗಟ್ಟುತ್ತದೆ. ರೋಗಿಯ ಮೈಗೆ ಹೋದರೂ ಯಕೃತ್ತು ಬೇಗನೆ ಹೆಕ್ಕಿ ಹಾಕುತ್ತದೆ. ಇದಕ್ಕೆ ಬೇಕಾದದ್ದು 20ರಿಂದ 24 ಡಿಗ್ರಿ. ಜೊತೆಗೆ ಸುಮಾರು ಆರು ಗಂಟೆಯೊಳಗೆ ಬೇರ್ಪಡಿಸಬೇಕು. ಮೊದಲ ಚೀಲ ತುಂಬಿದ್ದು ಒಂಬತ್ತೂವರೆಗೆ. ಅಂದರೆ ಗಡುವು ಮೂರೂವರೆ. ಗಣ್ಯರು ಬಂದು, ಹಾರ ಹಾಕಿಸಿಕೊಂಡು, ಫೋಟೊ ಮುಗಿಯುವ ತನಕ ವ್ಯಾನ್ ಕಾದರೆ ಆ ದಿನದ ಪ್ಲೇಟ್‌ಲೆಟ್‌ಗಳ ಆಸೆ ಬಿಟ್ಟಂತೆಯೇ. ರಕ್ತ ಬೇರ್ಪಡಿಸುವ ಯಂತ್ರಕ್ಕೆ ಕೋಟಿ ಸುರಿಯುವ ಮೊದಲು ಶಿಬಿರದಿಂದ ವ್ಯಾನ್ ಎರಡು ಸಲ ಓಡುವಷ್ಟು ಡೀಸೆಲ್ ಕೊಡಿ ಎನ್ನುತ್ತೇನೆ ನಾನು.

ಇಂದು ಮೊದಲ ಕಂತು ಹನ್ನೆರಡಕ್ಕೇ ಹೊರಟಿತು. ಮೈಸೂರಿಗೆ ಸುಮಾರು 60 ಕಿ.ಮೀ. ನೀವೂ ಹತ್ತಿ. ಬೇಗೂರು ದಾಟಿತು, ನಂಜನಗೂಡಿನಲ್ಲಿ ಕಪಿಲೆ ದಾಟಿತು.

ರಕ್ತನಿಧಿಯ ಒಳಕೋಣೆ. ಟೆಕ್ನಿಷಿಯನ್ ಎದುರುಬದುರು ಬಟ್ಟಲುಗಳ ತೂಕ ಸರಿದೂಗಿಸಿ ಸೆಂಟ್ರಿಫ್ಯೂಜ್ ಮುಚ್ಚುತ್ತಾರೆ. ಮೊದಲ ಸುತ್ತು ಮೆಲ್ಲಗೆ: ಕೆಂಪು ಕಣ ತಳಕ್ಕೆ, ಹಳದಿ ಪ್ಲಾಸ್ಮಾ ಮೇಲಕ್ಕೆ, ಪ್ಲೇಟ್‌ಲೆಟ್‌ಗಳು ಅದರಲ್ಲೇ. ಚೀಲವನ್ನು ಒತ್ತಿ ಆ ಹಳದಿಯನ್ನು ಪಕ್ಕದ ಚೀಲಕ್ಕೆ ದಾಟಿಸುತ್ತಾರೆ. ಕೈ ತುಸು ಅವಸರಪಟ್ಟರೆ ಕೆಂಪು ನುಗ್ಗುತ್ತದೆ. ಎರಡನೆಯ ಸುತ್ತು ಜೋರು. ಈಗ ತಳದಲ್ಲಿ ಪ್ಲೇಟ್‌ಲೆಟ್‌ಗಳ ತೆಳು ಪದರ. 50–70 ಮಿ.ಲೀ. ಪ್ಲಾಸ್ಮಾ ಉಳಿಸಿ ಉಳಿದದ್ದನ್ನು ತೆಗೆದು, ಒಂದು ಗಂಟೆ ಅಲುಗಿಸದೆ ಇಡುತ್ತಾರೆ. ಕೂಡಲೇ ಕುಲುಕಿದರೆ ಗಂಟು ಕಟ್ಟುತ್ತದೆ.

ಆಮೇಲೆ ಅಜಿಟೇಟರ್. ಹಗಲು ರಾತ್ರಿ ಅತ್ತಿತ್ತ ತೂಗುವ ತಟ್ಟೆಗಳ ಕಪಾಟು ಅದು. 1969ರಲ್ಲಿ ಅಮೆರಿಕದ ಸಂಶೋಧಕರಾದ ಮರ್ಫಿ ಮತ್ತು ಗಾರ್ಡ್ನರ್, ಫ್ರಿಜ್ಜಿಗಿಂತ 22 ಡಿಗ್ರಿಯೇ ಮೇಲು ಎಂದು ತೋರಿಸಿದರು. ತೂಗದಿದ್ದರೆ ಗಾಳಿಯ ಕೊಡುಕೊಳ್ಳುವಿಕೆ ಕುಂಠಿತವಾಗಿ ಚೀಲದೊಳಗೆ ಹುಳಿ ಏರುತ್ತದೆ. ಬೆಚ್ಚಗಿದ್ದಲ್ಲಿ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ, ಅದಕ್ಕೇ ಆಯುಸ್ಸು ಐದೇ ದಿನ. ತಣ್ಣನೆಯ ಪ್ಲೇಟ್‌ಲೆಟ್ ಕಥೆ ಮುಗಿದಿಲ್ಲ: ರಕ್ತಸ್ರಾವ ನಡೆಯುತ್ತಿರುವಾಗ, ಮಾಮೂಲಿನದು ಸಿಗದಿದ್ದರೆ, 14 ದಿನದವರೆಗೆ ಫ್ರಿಜ್ಜಿನಲ್ಲಿಟ್ಟದ್ದನ್ನು ಬಳಸಲು 2023ರಲ್ಲಿ ಅಮೆರಿಕ ದಾರಿ ಮಾಡಿಕೊಟ್ಟಿದೆ. ದೂರದ ತಾಲ್ಲೂಕುಗಳ ಮಟ್ಟಿಗೆ ಇದು ಕುತೂಹಲದ ಸುದ್ದಿ.

ಮಂಗಳವಾರ. ನಿಮ್ಮ ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ. ಊದುಬತ್ತಿಯ ಹೊಗೆಯಂತೆ ಸುಳಿ ಮಿನುಗಿತು. ಕಣಗಳ ಆಕಾರ ಕೆಟ್ಟಿಲ್ಲ. ಕಿಟಕಿಯಲ್ಲಿ ಡೆಂಗಿ ರೋಗಿಯ ತಮ್ಮ, ನಾಲ್ಕು ಚೀಲಕ್ಕೆ ಚೀಟಿ, ರೋಗಿಯ ಪ್ಲೇಟ್‌ಲೆಟ್ ಕೌಂಟ್ 38,000.

"ಎಲ್ಲಾದ್ರೂ ರಕ್ತ ಸೋರ್ತಿದೆಯಾ?" ವೈದ್ಯರು ವಾರ್ಡಿಗೆ ಫೋನ್ ಮಾಡುತ್ತಾರೆ.

"ಇಲ್ಲ ಸಾರ್."

ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗಿಳಿಯುವ ತನಕ ಕೊಡಬೇಕಿಲ್ಲ ಎಂದು ಮಾತಾಡಿಕೊಂಡು ಚೀಟಿ ಪಕ್ಕಕ್ಕಿಟ್ಟರು. ಸಂಜೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವೊಂದಕ್ಕೆ ಒಸಡಿನಿಂದ ರಕ್ತ, ಕೌಂಟ್ 8,000. ತೂಕ 20 ಕಿಲೋ, ಎರಡು ಚೀಲ ಸಾಕು. ಒಂದು ನಿಮ್ಮದು.