ಕಡಲೂರಿನಲ್ಲಿ ಏಳು ದಿನದ ಮಳೆ ಲೆಕ್ಕ

ನಮ್ಮ ಬಳ್ಳಾರಿಯ ಗಾಂಧಿನಗರದಲ್ಲಿ ಕೊಡೆ ಬಿಚ್ಚುವುದು ಮಳೆಗಿಂತ ಬಿಸಿಲಿಗೇ ಹೆಚ್ಚು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬಂದರೆ ನಮಗದೇ ದೊಡ್ಡದು. ಮಗಳ ಮನೆ ಇರುವ ಮಂಗಳೂರಿನಲ್ಲಿ ಅದು 3,500 ದಾಟುತ್ತದೆ! ಹೋದ ವರ್ಷ ಅಕ್ಟೋಬರ್‌ನಲ್ಲಿ ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಆರನೇ ತರಗತಿಯ ಮೊಮ್ಮಗಳಿಗೆ ಫೋನಿನಲ್ಲೇ ಮಾತು ಕೊಟ್ಟಿದ್ದೆ: ಗುರುವಾರ ಮಧ್ಯಾಹ್ನ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ ಎಂದು.

ಭಾನುವಾರ ರಾತ್ರಿ ಅವಳು ಹವಾಮಾನ ಇಲಾಖೆಯ ಏಳು ದಿನದ ಮುನ್ಸೂಚನೆಯನ್ನು ಫೋನಿನಲ್ಲಿ ನೋಡಿ, ಕ್ಯಾಲೆಂಡರಿನ ಮೇಲೆ ಬಣ್ಣದ ಪೆನ್ಸಿಲ್ಲಿನಿಂದ ಗುರುತು ಹಾಕಿದಳು. ಹಸಿರೆಂದರೆ ಭಯವಿಲ್ಲ. ಹಳದಿಯೆಂದರೆ ಗಮನವಿರಲಿ. ಕಿತ್ತಳೆಯೆಂದರೆ ಸಿದ್ಧರಾಗಿರಿ. ಕೆಂಪೆಂದರೆ ಕೂಡಲೇ ಎಚ್ಚರ ವಹಿಸಿ. ಗುರುವಾರಕ್ಕೆ ಹಸಿರು ಬಿದ್ದಿತ್ತು.

ಮಂಗಳವಾರ ನೋಡಿದರೆ ಗುರುವಾರ ಹಳದಿಯಾಗಿದೆ. ಸಂಜೆ ಗುಡುಗು, ಮಿಂಚು, ಬಿರುಗಾಳಿ ಬರಬಹುದಂತೆ.

"ತಾತ, ಮೊನ್ನೆ ಹಸಿರು ಅಂದಿದ್ರು. ಸುಳ್ಳು ಹೇಳಿದ್ರಾ?"

"ಇಲ್ಲಮ್ಮ. ನಾನು ಬ್ಯಾಂಕಿನಲ್ಲಿದ್ದಾಗ ತಿಂಗಳ ಮೊದಲ ದಿನವೇ ಕೊನೆಯ ದಿನದ ಲೆಕ್ಕ ಹೇಳೋಕೆ ಆಗ್ತಿರಲಿಲ್ಲ. ದಿನ ಹತ್ತಿರ ಬಂದಂಗೆಲ್ಲ ಅಂದಾಜು ಗಟ್ಟಿ ಆಗ್ತಿತ್ತು. ಇದೂ ಹಂಗೇ. ನಾಳಿನ ಮಾತು ನಂಬಿಕೆಗೆ ಹತ್ತಿರ, ಏಳನೇ ದಿನದ್ದು ಸ್ವಲ್ಪ ದೂರ. ಅದಕ್ಕೇ ದಿನಾ ಹೊಸದಾಗಿ ನೋಡಬೇಕು."

ಕರಾವಳಿಯ ಈ ತಿಂಗಳ ಗುಟ್ಟನ್ನು ಅಳಿಯ ಹೇಳಿದರು. ಜೂನ್, ಜುಲೈಯಲ್ಲಿ ಮಳೆ ಪಡುವಣ ಕಡಲಿನಿಂದ ಬರುತ್ತದೆ. ಅಕ್ಟೋಬರ್‌ನಲ್ಲಿ ಮುಂಗಾರು ಹಿಂದೆ ಸರಿದು ಗಾಳಿಯ ದಿಕ್ಕು ಬದಲಾಗುತ್ತದೆ. ಬೆಳಿಗ್ಗೆ ಚುರುಗುಟ್ಟುವ ಬಿಸಿಲು. ಕಾದ ತೇವದ ಗಾಳಿ ಮೇಲೇರಿ ಮಧ್ಯಾಹ್ನ ಘಟ್ಟದ ಮೇಲೆ ಮೋಡ ಕಟ್ಟುತ್ತದೆ. ಸಂಜೆ ಅದು ಮೂಡಣದಿಂದ ಗುಡುಗುತ್ತಾ ಕಡಲ ಕಡೆ ಇಳಿಯುತ್ತದೆ. ಕಡಲು ನೋಡುತ್ತಾ ನಿಂತವರಿಗೆ ಮಳೆ ಬೆನ್ನ ಹಿಂದಿನಿಂದ ಬರುತ್ತದೆ!

"ಗುರುವಾರ ಬೇಡ, ಶನಿವಾರ ಬೆಳಿಗ್ಗೆ ಹೋಗೋಣ" ಎಂದೆ. ಹುಡುಗಿ ಮಾತು ಬಿಟ್ಟಳು. ಗುರುವಾರ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ನಾಲ್ಕು ಗಂಟೆಯಾದರೂ ಒಂದು ಹನಿಯಿಲ್ಲ. "ನೀವು ಮಾತು ತಪ್ಪಿದ್ರಿ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆಗ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು 2009ರ ಕಥೆ ಹೇಳಿದೆ.

ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಮಳೆಗಾಗಿ ಬಾಯಿ ಬಿಡುವ ನಮ್ಮ ಸೀಮೆಯಲ್ಲಿ ಬಿಡದೆ ಸುರಿಯಿತು. ತುಂಗಭದ್ರೆ ಉಕ್ಕಿ ಸಿರುಗುಪ್ಪ ಕಡೆಯ ಹೊಳೆದಂಡೆಯ ಊರುಗಳಿಗೆ ನುಗ್ಗಿತು. ಮಂತ್ರಾಲಯವೂ ಮುಳುಗಿತ್ತು. ನೀರು ಇಳಿದ ಮೇಲೆ ನನ್ನ ಕೌಂಟರಿಗೆ ಒಬ್ಬ ಅಜ್ಜಿ ಬಂದಳು. ಸೆರಗಿನ ಗಂಟು ಬಿಚ್ಚಿ, ಕೆಸರು ಹತ್ತಿ ಅಂಟಿಕೊಂಡ ಪಾಸ್‌ಬುಕ್ ಇಟ್ಟಳು. "ದುಡ್ಡು ಹೋಯ್ತೇನಪ್ಪಾ?" ಎಂದಳು. ದುಡ್ಡು ನಮ್ಮ ಲೆಡ್ಜರಿನಲ್ಲಿ ಭದ್ರವಾಗಿತ್ತು. ಹಾಗೆಂದೆ. ಅವಳು ಸುಮ್ಮನೆ ನಿಂತಳು. ಆಮೇಲೆ, "ಎರಡು ದಿನ ಮುಂಚೆ ಗೊತ್ತಾಗಿದ್ರೆ ಜೋಳದ ಚೀಲಾನಾದ್ರೂ ಮಾಳಿಗೆ ಮ್ಯಾಲೆ ಏರಿಸ್ತಿದ್ದೆ" ಎಂದಳು. ಆ ಚೀಲ ನನ್ನ ಯಾವ ಲೆಡ್ಜರಿನಲ್ಲೂ ಇರಲಿಲ್ಲ.

"ಅವಳಿಗೆ ಎರಡು ದಿನ ಸಿಗಲಿಲ್ಲ. ನಮಗೆ ಸಿಕ್ಕಿತ್ತು. ಸಿಕ್ಕಿದ್ದನ್ನ ಬಿಸಾಡಬಾರದಲ್ಲಮ್ಮ" ಎಂದೆ. ಮೊಮ್ಮಗಳು ಉತ್ತರಿಸಲಿಲ್ಲ. ಎದ್ದುಹೋಗಿ ತಾರಸಿಯ ಮೇಲೆ ಒಣಗಿದ್ದ ಬಟ್ಟೆಗಳನ್ನು ತಂದಳು. ಆ ಸಂಜೆ ಮಳೆ ಬರಲೇ ಇಲ್ಲ. ದೂರದಲ್ಲಿ ಎರಡು ಸಲ ಗುಡುಗಿತು, ಅಷ್ಟೆ. ನನಗೆ ನಾಚಿಕೆಯೇನೂ ಆಗಲಿಲ್ಲ. ಬಾರದ ಮಳೆಗೆ ಕೊಡೆ ಹಿಡಿದರೆ ಕೈ ನೋಯುತ್ತದೆ, ತಲೆ ನೆನೆಯುವುದಿಲ್ಲ.

ಶನಿವಾರ ಹಸಿರು. ಬೆಳಿಗ್ಗೆಯೇ ದೋಣಿ ಏರಿದೆವು. ಲಾವಾ ತಣ್ಣಗಾದಾಗ ಸೀಳಿ ನಿಂತ ಕಲ್ಲಿನ ಕಂಬಗಳು, ಯಾರೋ ಅಳೆದು ಕೆತ್ತಿದಂತೆ ಆರು ಮೂಲೆಯವು! ಎಲ್ಲರೂ ಕಡಲಿನ ಕಡೆ ತಿರುಗಿ ಫೋಟೊ ತೆಗೆಯುತ್ತಿದ್ದರೆ ನನ್ನ ಮೊಮ್ಮಗಳು ಮಾತ್ರ ಆಗಾಗ ಹಿಂದಕ್ಕೆ ತಿರುಗಿ ಘಟ್ಟದ ದಿಕ್ಕು ನೋಡುತ್ತಿದ್ದಳು.

ಈಗ ಪ್ರತಿ ಭಾನುವಾರ ರಾತ್ರಿ ಅವಳ ಫೋನು ಬರುತ್ತದೆ. "ತಾತ, ಬುಧವಾರ ಬಳ್ಳಾರಿಗೆ ಹಳದಿ. ಹೊಳೆ ಕಡೆಯವರಿಗೆ ಹೇಳಿ." ನಾನು ಬೆಳಿಗ್ಗೆ ಹಾಲಿನಂಗಡಿಯಲ್ಲಿ ಸಿರುಗುಪ್ಪ, ಕುರುಗೋಡಿನ ಗೆಳೆಯರು ಸಿಕ್ಕರೆ ತಪ್ಪದೆ ಹೇಳುತ್ತೇನೆ.

ಮಕ್ಕಳೇ, ನಿಮ್ಮ ಅಜ್ಜಿ ತಾತಂದಿರಿಗೂ ವಾರಕ್ಕೊಮ್ಮೆ ಇದನ್ನು ಓದಿ ಹೇಳಿ.