ಪದರದಂಚಿನ ಅರ್ಧ ಮಿಲಿಲೀಟರು

ಸೆಂಟ್ರಿಫ್ಯೂಜಿನಲ್ಲಿ ಗಂಟೆಗಟ್ಟಲೆ ತಿರುಗಿ ಬಂದ ಕೊಳವೆಯೊಳಗೆ, ಸಕ್ಕರೆಯ ತೆಳು ದ್ರಾವಣವೂ ಗಟ್ಟಿ ದ್ರಾವಣವೂ ಕೂಡುವ ಗಡಿಯಲ್ಲಿ ಗಂಜಿತಿಳಿಯಂತೆ ಬೆಳ್ಳಗೆ ನಿಂತ ಪದರವನ್ನು ಕಾಣುವ ಸುಖ, ಮಿದುಳಿನ ಪ್ರೋಟೀನುಗಳ ಅಭ್ಯಾಸಿಗೆ ಎಂದಿಗೂ ಹಳತಾಗುವುದಿಲ್ಲ. ಆ ಪದರದಲ್ಲಿರುವುವು ಸಿನಾಪ್ಟೊಸೋಮುಗಳು. ಎಂದರೆ, ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಸಿನಾಪ್ಸ್ ಎಂಬ ಸಂಧಿಯಲ್ಲಿ ಕಿತ್ತುಬಂದು, ಹರಿದ ಪೊರೆಯನ್ನು ತಾವೇ ಮುಚ್ಚಿಕೊಂಡ ನರತುದಿಗಳು. ಗ್ರೇ ಮತ್ತು ವಿಟೇಕರ್ 1962ರಲ್ಲಿ ವಿವರಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಇದರ ಮರ್ಮವಿರುವುದು ಯಂತ್ರದಲ್ಲಲ್ಲ, ಕೈಯಲ್ಲಿ. ಮಂಜುಗಡ್ಡೆಯಲ್ಲಿಟ್ಟ ಗಾಜಿನ ಕೊಳವೆಯಲ್ಲಿ, 0.32 ಮೋಲಾರ್ ಸಕ್ಕರೆ ದ್ರಾವಣದೊಡನೆ ಮಿದುಳನ್ನು ಅರೆಯುವಾಗ, ಟೆಫ್ಲಾನ್ ಕಡೆಗೋಲು ದ್ರಾವಣದ ಮೇಲ್ಮೈ ದಾಟಿ ಮೇಲೆ ಬರಬಾರದು. ಬಂದರೆ ನೊರೆ ಏಳುತ್ತದೆ, ನೊರೆಗುಳ್ಳೆಯ ಮೈಗೆ ತಾಗಿದ ಪ್ರೋಟೀನು ತನ್ನ ಆಕಾರ ಕಳೆದುಕೊಳ್ಳುತ್ತದೆ. ಅನಂತರ 0.8 ಮತ್ತು 1.2 ಮೋಲಾರ್ ದ್ರಾವಣಗಳ ನಡುವೆ ನಿಂತ ಪದರವನ್ನು ಪಿಪೆಟ್ಟಿನಿಂದ ತೆಗೆಯುವಾಗ, ಅಂಚಿನ ಅರ್ಧ ಮಿಲಿಲೀಟರನ್ನು ಬಿಟ್ಟುಬಿಡಬೇಕು. ಏಕೆಂದರೆ, ಮೇಲೆ ತೇಲುವುದು ನರತಂತುವಿನ ಕೊಬ್ಬಿನ ಹೊದಿಕೆಯಾದ ಮಯಲಿನ್, ತಳದಲ್ಲಿ ಕೂರುವುದು ಬಿಡಿ ಮೈಟೋಕಾಂಡ್ರಿಯ.

ಆ ಅರ್ಧ ಮಿಲಿಲೀಟರನ್ನು ಬಿಡಲೊಲ್ಲದವರು ಹಲವರು. ಇದ್ದುದನ್ನೆಲ್ಲ ಹೀರಿ, ಅಣುತುಣುಕುಗಳ ತೂಕದಿಂದ ಪ್ರೋಟೀನುಗಳನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟು, ಹೊರಬಂದ ಸಾವಿರಾರು ಹೆಸರುಗಳಿಗೆ ಸಿನಾಪ್ಸಿನ ಪ್ರೋಟೀನುಗಳೆಂದು ಶೀರ್ಷಿಕೆ ಹಾಕುತ್ತಾರೆ. ನರತುದಿಯೊಳಗೂ ಮೈಟೋಕಾಂಡ್ರಿಯ ಉಂಟೆಂಬ ಅವರ ಸಮಜಾಯಿಷಿ ಒಪ್ಪತಕ್ಕದ್ದೇ. ಆದರೆ ಮಯಲಿನ್ನಿನ ಪ್ರೋಟೀನಿಗೆ ಅಲ್ಲೇನು ಕೆಲಸ? ಕಸ ಗುಡಿಸದೆ ಕಾಳು ಅಳೆಯುವ ಈ ಪದ್ಧತಿ ಬರಿಯ ಅಸಡ್ಡೆಯಲ್ಲ; ಆ ಪಟ್ಟಿಯನ್ನು ನಂಬಿ ಮುಂದಿನ ಪ್ರಯೋಗಕ್ಕಿಳಿಯುವವರ ವರ್ಷಗಳನ್ನೇ ಅದು ನುಂಗುತ್ತದೆ.

ಶುದ್ಧಿಯಿಂದ ದೊರೆಯುವ ಫಲಕ್ಕೆ 2006ರಲ್ಲಿ ರೈನ್‌ಹಾರ್ಡ್ ಯಾನ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕವೇ ಸಾಕ್ಷಿ. ನರಪ್ರೇಷಕವೆಂಬ ಸಂದೇಶವಾಹಕ ರಾಸಾಯನಿಕವನ್ನು ಹೊರುವ, ಸುಮಾರು 40 ನ್ಯಾನೋಮೀಟರ್ ಅಡ್ಡಳತೆಯ ಒಂದು ಕಿರುಚೀಲದಲ್ಲಿ, ಪೊರೆಗಳನ್ನು ಬೆಸೆಯುವ ಸಿನಾಪ್ಟೊಬ್ರೆವಿನ್ನಿನ ಸುಮಾರು 70 ಪ್ರತಿಗಳಿದ್ದರೆ, ಚೀಲ ತುಂಬಲು ಬೇಕಾದ ಬಲವೊದಗಿಸುವ ಪ್ರೋಟಾನ್ ಪಂಪು ಇರುವುದು ಒಂದೋ ಎರಡೋ. ಆ ಒಂದು ಕೆಟ್ಟರೆ, 70 ಇದ್ದೂ ಚೀಲ ಬರಿದು. ಹೆಸರುಗಳ ಪಟ್ಟಿ ಎಷ್ಟೇ ಉದ್ದವಿದ್ದರೂ ಈ ಪ್ರಮಾಣವನ್ನು ತಿಳಿಸಲಾರದು. ಮೊದಲು ಚೀಲಗಳನ್ನು ಶುದ್ಧವಾಗಿ ಬೇರ್ಪಡಿಸಿ, ಅನಂತರ ಎಣಿಸಿದ್ದರಿಂದಲೇ ಅದು ತಿಳಿಯಿತು. ಆದ್ದರಿಂದ ಹೊಸದಾಗಿ ಪಿಪೆಟ್ಟು ಹಿಡಿಯುವವರು ಇಳುವರಿಯ ಆಸೆಗೆ ಬೀಳದೆ, ಅಂಚಿನ ಆ ಅರ್ಧ ಮಿಲಿಲೀಟರನ್ನು ಕೊಳವೆಯಲ್ಲೇ ಬಿಡಲಿ.