ನರ್ಸ್ ಅಕ್ಕನ ಹಾಜರಿ

ಕಳೆದ ವರ್ಷ ಜೂನ್ ತಿಂಗಳಲ್ಲಿ ನಮ್ಮ ಮನೆಯಾಕೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು, "ಮೂರು ತಿಂಗಳು ಯಾರಾದರೂ ಸದಾ ಜೊತೆಗಿರಬೇಕು" ಎಂದರು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ನನಗೆ ಎಪ್ಪತ್ತನಾಲ್ಕು. ಅವಳನ್ನು ಎತ್ತಿ ಕೂರಿಸಲು ಹೋದರೆ ಇಬ್ಬರೂ ಬೀಳುವುದೇ ಸರಿ. ಗಂಗಮ್ಮ ಗುಡಿ ಸರ್ಕಲ್ ಕಡೆ ವಾಕಿಂಗ್ ಹೋಗುವಾಗ ಕರೆಂಟ್ ಕಂಬದ ಮೇಲೆ ದಿನಾ ನೋಡುತ್ತಿದ್ದ 'ಹೋಂ ನರ್ಸ್ ಸಿಗುತ್ತಾರೆ' ಎಂಬ ಚೀಟಿ ನೆನಪಾಯಿತು. ಫೋನ್ ಮಾಡಿದೆ.

ಜೂನ್ 12ರ ಬೆಳಿಗ್ಗೆ ಒಂದು ಬ್ಯಾಗು ಹಿಡಿದುಕೊಂಡು ಒಬ್ಬ ಹುಡುಗಿ ಬಂದಳು. ಸಿಂಧನೂರಿನ ಕಡೆಯವಳು, ಇಪ್ಪತ್ತೆರಡು ವರ್ಷ. ಮಕ್ಕಳೇ, ಹೋಂ ನರ್ಸ್ ಎಂದು ಕರೆದರೂ ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ. ನಿಜವಾದ ನರ್ಸ್ ಆಗಬೇಕಾದರೆ ಮೂರು ವರ್ಷದ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಈ ಹುಡುಗಿ ಪಿಯುಸಿಗೆ ನಿಲ್ಲಿಸಿ ಕೆಲವು ವಾರ ತರಬೇತಿ ಪಡೆದವಳು. ಇಂಜೆಕ್ಷನ್ ಕೊಡುವ ಹಾಗಿಲ್ಲ ಎಂದು ಅವಳೇ ಮೊದಲ ದಿನ ಹೇಳಿದಳು. ಆದರೆ ರಾತ್ರಿ ಎರಡು ಗಂಟೆಗೆ ಬೆಡ್‌ಪ್ಯಾನ್ ಇಡುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಹೊರಳಿಸುವುದು, ಊಟ ಬೇಡವೆಂದು ಹಟ ಹಿಡಿದವರಿಗೆ ನಾಲ್ಕು ತುತ್ತು ಉಣ್ಣಿಸುವುದು, ಇದೆಲ್ಲ ಅವಳ ಹಾಗೆ ಮಾಡುವವರನ್ನು ನಾನು ಕಂಡಿಲ್ಲ. ನಮ್ಮಾಕೆ ಬೈದರೂ ನಗುತ್ತಿದ್ದಳು.

ನಾಲ್ಕನೇ ಕ್ಲಾಸಿನ ಮೊಮ್ಮಗಳಿಗೆ ಅವಳು ನರ್ಸ್ ಅಕ್ಕ. ಒಂದು ಭಾನುವಾರ ಕೇಳಿದಳು: "ತಾತ, ನರ್ಸ್ ಅಕ್ಕಂಗೆ ಸಂಡೇ ರಜಾ ಇಲ್ವಾ?" ಇಲ್ಲವೆಂದೆ. ಅಂದಿನಿಂದ ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಕ್ಕ ಬಂದ ಒಂದೊಂದು ದಿನಕ್ಕೂ ಟಿಕ್ ಹಾಕತೊಡಗಿದಳು. ಹಿಂದಿನ ದಿನಗಳನ್ನೂ ಸೇರಿಸಿ.

ಏಜೆನ್ಸಿಗೆ ನಾವು ಕೊಡುತ್ತಿದ್ದದ್ದು ದಿನಕ್ಕೆ 900 ರೂಪಾಯಿ. ಅದರಲ್ಲಿ ಅವಳ ಕೈಗೆ 500. ಇದು ನನಗೆ ಗೊತ್ತಾದದ್ದು ಜುಲೈನಲ್ಲಿ ಅವಳಿಗೆ ಜ್ವರ ಬಂದಾಗ. ಏಜೆನ್ಸಿಗೆ ತಿಳಿಸಿದೆ. ಮಧ್ಯಾಹ್ನದೊಳಗೆ ಬೇರೆ ಹುಡುಗಿ ಬಂದಳು, ಇವಳನ್ನು ಆಟೋದಲ್ಲಿ ಅವರ ಕೋಣೆಗೆ ಕಳಿಸಿದರು. ಅಜ್ಜಿಗೆ ಜ್ವರ ಅಂಟೀತೆಂದು ನಾನೂ ಸುಮ್ಮನಿದ್ದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆರು ದಿನ ಆ ಕೋಣೆಯಲ್ಲಿ ಮಲಗಿದ್ದು, ಮಾತ್ರೆ ಸ್ವಂತ ದುಡ್ಡಿನಲ್ಲಿ ಕೊಂಡು, ಇಳಿದುಹೋದ ಮುಖ ಹೊತ್ತು ವಾಪಸ್ ಬಂದಳು. ಆ ತಿಂಗಳು ನಮ್ಮ ಬಿಲ್ಲಿನಲ್ಲಿ 31 ದಿನ, ಅವಳ ಲೆಕ್ಕದಲ್ಲಿ 25.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಪೆನ್ನು ಕಾಗದ ಹಿಡಿದೆ. ತಿಂಗಳಿಗೆ 15,000 ರೂಪಾಯಿ ಸಂಬಳಕ್ಕೆ ಇ.ಎಸ್.ಐ. ಕಟ್ಟಿದರೆ ಮಾಲೀಕರ ಪಾಲು ಶೇ 3.25, ಅಂದರೆ 487 ರೂಪಾಯಿ 50 ಪೈಸೆ. ಅವಳ ಪಾಲು ಶೇ 0.75, 112 ರೂಪಾಯಿ 50 ಪೈಸೆ. ಎರಡೂ ಸೇರಿ 600. ಅಷ್ಟು ಕಟ್ಟುತ್ತ ಬಂದಿದ್ದರೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ, ಕಾಯಿಲೆಯ ರಜೆಯಲ್ಲಿ ಶೇ 70ರಷ್ಟು ಸಂಬಳವೂ ಬರುತ್ತದೆ. ಜಾಲಹಳ್ಳಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1950ರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಬಂದ ಮೇಲೆ ಕಾಯಂ ಕೆಲಸ, ಪಿ.ಎಫ್., ಕ್ಯಾಂಟೀನು ಎಂದುಕೊಂಡೇ ಬೆಳೆದ ಊರು ಇದು.

ಏಜೆನ್ಸಿಯವರನ್ನು ಕೇಳಿದೆ. "ಅವ್ರು ನಮ್ಮ ಸ್ಟಾಫ್ ಅಲ್ಲ ಸಾರ್. ನಮ್ಮಲ್ಲಿ ಹೆಸರು ಬರೆಸಿರ್ತಾರೆ ಅಷ್ಟೆ. ನಾವು ಬರೀ ತೋರಿಸಿಕೊಡೋರು" ಎಂದರು. ತೋರಿಸಿಕೊಟ್ಟದ್ದಕ್ಕೆ ದಿನದಿನವೂ 400 ರೂಪಾಯಿ! ಜಗಳವಾಡಿದ್ದರೆ ಅವಳನ್ನು ಬೇರೆ ಮನೆಗೆ ಕಳಿಸಿಬಿಡುತ್ತಿದ್ದರು. ಆರು ದಿನದ 3,000 ರೂಪಾಯಿಯನ್ನು ನಾನೇ ಅವಳ ಕೈಗೆ ಕೊಟ್ಟೆ.

ಮನೆಗೆ ಬರುವವರ ಪಾಡು ಮಾತ್ರ ಹೀಗಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲೂ ಗುತ್ತಿಗೆಯ ನರ್ಸುಗಳಿದ್ದಾರೆ. 2023ರ ಆರಂಭದಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಕಾಯಂ ಮಾಡಿ ಎಂದು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದರು. ಕೊರೋನಾ ಕಾಲದಲ್ಲಿ ನಾವೆಲ್ಲ ತಟ್ಟೆ ಬಡಿದು ಹೊಗಳಿದ್ದು ಇವರನ್ನೇ.

ಸೆಪ್ಟೆಂಬರ್ ಹೊತ್ತಿಗೆ ನಮ್ಮಾಕೆ ವಾಕರ್ ಹಿಡಿದು ನಡೆಯತೊಡಗಿದಳು. 11ನೇ ತಾರೀಕು ಹೊರಡುವ ಮುಂಚೆ ಹುಡುಗಿ ನನ್ನ ಹತ್ತಿರ ಬಂದು ನಿಂತಳು. "ಅಜ್ಜಾರ, ಎಷ್ಟೋ ಮನಿಯಾಗ ಕೆಲಸ ಮಾಡೀನ್ರಿ. ದವಾಖಾನಿಗೆ ಕೆಲಸ ಕೇಳಾಕ ಹೋದ್ರ ಎಕ್ಸ್‌ಪೀರಿಯನ್ಸ್ ಎಲ್ಲೈತಿ ಅಂತಾರ. ಒಂದ್ ಕಾಗದ ಬರದು ಕೊಡ್ತೀರೇನ್ರಿ?"

ನನಗೆ 1981 ನೆನಪಾಯಿತು. ನಮ್ಮ ಶಾಖೆಯಲ್ಲಿ ಒಬ್ಬ ಹಂಗಾಮಿ ಜವಾನನಿದ್ದ. ವರ್ಷದಲ್ಲಿ 240 ದಿನ ದುಡಿದರೆ ಕಾನೂನಿನ ಪ್ರಕಾರ ಒಂದು ವರ್ಷದ ನಿರಂತರ ಸೇವೆ ಎಂದು ಲೆಕ್ಕ. ಆಮೇಲೆ ನೋಟಿಸು, ಪರಿಹಾರ ಕೊಡದೆ ಬಿಡಿಸುವಂತಿಲ್ಲ. ಅದಕ್ಕೇ 231ನೇ ದಿನ ಅವನನ್ನು ನಿಲ್ಲಿಸಿದರು. ಅವನಿಗೆ ಕೂಲಿ ಕೊಡುವ ವೋಚರುಗಳನ್ನು ಬರೆಯುತ್ತಿದ್ದವನು ನಾನೇ, ಅವನ ಹೆಸರು ಬಾರದ ಹಾಗೆ, 'ಸಾಗಾಣಿಕೆ ಖರ್ಚು' ಎಂದು. ಇಲ್ಲಿ ಕೆಲಸ ಮಾಡಿದ್ದೆ ಅಂತ ಒಂದು ಚೀಟಿ ಕೊಡಿ ಸಾರ್ ಎಂದು ಅವನು ಎರಡು ಸಲ ಬಂದ. ಮ್ಯಾನೇಜರನ್ನು ಕೇಳಪ್ಪ ಎಂದು ಲೆಡ್ಜರಿನಲ್ಲಿ ಮುಖ ಹುದುಗಿಸಿದೆ. ಮೂರನೇ ಸಲ ಅವನು ಬರಲಿಲ್ಲ.

ಒಳ್ಳೆಯ ಕಾಗದ ತರಲು ಮೊಮ್ಮಗಳಿಗೆ ಹೇಳಿದೆ. ಅವಳು ಕ್ಯಾಲೆಂಡರನ್ನೂ ಮೊಳೆಯಿಂದ ಬಿಚ್ಚಿ ತಂದಳು. ಜೂನ್ 19, ಜುಲೈ 25, ಆಗಸ್ಟ್ 31, ಸೆಪ್ಟೆಂಬರ್ 11. ಅವಳು ಕೂಡಿದಳು, ನಾನು ತಾಳೆ ನೋಡಿದೆ. ಹುಡುಗಿಯ ಹೆಸರು, ಊರು, ಮಾಡಿದ ಕೆಲಸ ಒಂದೊಂದನ್ನೂ ಬರೆದು, ಚೆಕ್ಕಿನಲ್ಲಿ ಬರೆಯುವ ಹಾಗೆ ಅಂಕಿಯಲ್ಲಿ 86, ಅಕ್ಷರದಲ್ಲಿ ಎಂಬತ್ತಾರು ದಿನಗಳು ಎಂದು ನಮೂದಿಸಿ ರುಜು ಹಾಕಿದೆ. ಕೆಳಗೆ ನಮ್ಮಾಕೆಯೂ ಹಾಕಿದಳು. ಕೈ ನಡುಗಿ ಸ್ವಲ್ಪ ಸೊಟ್ಟಗಾಯಿತು.

ಹುಡುಗಿ ಕಾಗದವನ್ನು ಎರಡು ಸಲ ಓದಿ, ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಮಡಚಿ ಇಟ್ಟುಕೊಂಡಳು. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಅವಳಿಗೆ ಅಂದು ಸಂಜೆಯೇ ಯಲಹಂಕದಲ್ಲಿ ಇನ್ನೊಂದು ಮನೆ ಗೊತ್ತಾಗಿತ್ತು.